ಮಂದ್ರದ ಸಾ ಸಿಗಬೇಕು: ಐದು ತಂತಿಯ ಸ್ಟಿಂಗ್‌ರೇ ಸ್ಪೆಷಲ್ ಬೇಸ್ ಬಗ್ಗೆ

ದುಬಾರಿ ಬೇಸ್ ಗಿಟಾರ್ ನೋಡಲು ಹೋದವರು ಮೊದಲು ಮುಟ್ಟಬೇಕಾದ್ದು ಬಿ ತಂತಿಯನ್ನು. ಬಣ್ಣ, ಹೆಸರು, ಮರದ ಗೆರೆ ಎಲ್ಲ ಆಮೇಲೆ. ಐದು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ದಪ್ಪಗಿರುವ ತಂತಿ ಅದು. ಅದರಲ್ಲಿ ಸ್ವರ ಸ್ವರವಾಗಿ ಕೇಳುತ್ತದೆಯೋ, ಬರೀ ಗುಂಯ್ ಅಂತ ನಡುಗುತ್ತದೆಯೋ ನೋಡಿ. ಅಷ್ಟು ತಿಳಿದರೆ ಅರ್ಧ ನಿರ್ಧಾರ ಆದಂತೆ. ಮ್ಯೂಸಿಕ್ ಮ್ಯಾನ್ ಕಂಪನಿಯ ಐದು ತಂತಿಯ ಸ್ಟಿಂಗ್‌ರೇ ಸ್ಪೆಷಲ್ ಅನ್ನು ನಾನು ಮನೆಗೆ ತಂದದ್ದು ಈ ಒಂದು ಕಾರಣಕ್ಕೆ. ಈಗ ಅದು ಧಾರವಾಡದ ಮಳೆಯನ್ನೂ ಗದಗಿನ ಬಿಸಿಲನ್ನೂ ಕಂಡಿದೆ. ಬರೆಯುವಷ್ಟು ಪರಿಚಯ ಆಗಿದೆ.

ನಾನು ಏನು ನುಡಿಸುತ್ತೇನೆ, ಎಲ್ಲಿ ನುಡಿಸುತ್ತೇನೆ ಅಂತ ಹೇಳಿಬಿಡುತ್ತೇನೆ. ಯಾಕಂದರೆ ಬೇಸ್ ಆಯ್ಕೆ ನಿಂತಿರುವುದೇ ಅದರ ಮೇಲೆ. ಹುಬ್ಬಳ್ಳಿ-ಧಾರವಾಡದ ಸಭಾಭವನಗಳಲ್ಲಿ ಭಾವಗೀತೆ, ವಚನ, ತತ್ವಪದ. ಚೌತಿ ಬಂತಂದರೆ ಹುಬ್ಬಳ್ಳಿಯ ಓಣಿ ಓಣಿಯಲ್ಲಿ ಆರ್ಕೆಸ್ಟ್ರಾ. ಗದಗ, ಹಾವೇರಿ ಕಡೆ ಜಾತ್ರೆಯ ವೇದಿಕೆ, ಮದುವೆ ಮನೆ. ತಬಲಾ, ಪೇಟಿ, ಕೀಬೋರ್ಡ್, ಕೊಳಲು, ರಿದಂ ಪ್ಯಾಡ್ ಇರುತ್ತವೆ. ಅವುಗಳ ಮಧ್ಯೆ ನನ್ನ ಬೇಸ್.

ಈಗ ಮುಖ್ಯ ಮಾತು. ನಮ್ಮ ಗಾಯಕರು ಹಾಡುವುದು ಅವರವರ ಗಂಟಲಿಗೆ ಹೊಂದುವ ಶ್ರುತಿಯಲ್ಲಿ. ಒಬ್ಬರು ಬಂದು 'ಕರಿ ಒಂದು' ಅನ್ನುತ್ತಾರೆ, ಅಂದರೆ ಪೇಟಿಯ ಮೊದಲ ಕರಿ ಮನೆ. ಇನ್ನೊಬ್ಬರದು ಕರಿ ಎರಡು. ಗಿಟಾರಿನವರ ಲೆಕ್ಕದಲ್ಲಿ ಇವು ಸಿ ಶಾರ್ಪ್ ಮತ್ತು ಡಿ ಶಾರ್ಪ್. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ಇ, ಅಂದರೆ 41 ಹರ್ಟ್ಸ್. ಕರಿ ಒಂದರ ಕೆಳಗಿನ ಸಾ ಇರುವುದು ಸುಮಾರು 35 ಹರ್ಟ್ಸ್‌ನಲ್ಲಿ. ಅದು ನಾಲ್ಕು ತಂತಿಯಲ್ಲಿ ಇಲ್ಲವೇ ಇಲ್ಲ! ಸಾ ಬೇಕಾದರೆ ಎ ತಂತಿಯ ನಾಲ್ಕನೇ ಫ್ರೆಟ್‌ಗೆ (ನೆಕ್, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ಏರಬೇಕು. ಅಲ್ಲಿ ಏರಿದರೆ ಬೇಸ್ ಪೇಟಿಯ ಕೆಳಸಪ್ತಕದ ಜೊತೆ, ಡಗ್ಗಾದ (ತಬಲಾ ಜೋಡಿಯಲ್ಲಿ ದೊಡ್ಡದರ) ಘುಮಕಿಯ ಜೊತೆ ಗುದ್ದಾಡಬೇಕು. ಐದನೇ ತಂತಿ ಇದ್ದರೆ ಅದೇ ಸಾ ಬಿ ತಂತಿಯ ಎರಡನೇ ಫ್ರೆಟ್‌ನಲ್ಲಿ ಸಿಗುತ್ತದೆ. ಕರಿ ಎರಡು ನಾಲ್ಕನೇ ಫ್ರೆಟ್‌ನಲ್ಲಿ. ಡಗ್ಗಾ ಮೇಲೆ, ಬೇಸ್ ಕೆಳಗೆ, ಇಬ್ಬರಿಗೂ ಜಾಗ. ಹೊರದೇಶದವರ ವಿಡಿಯೋಗಳಲ್ಲಿ ಐದನೇ ತಂತಿಯನ್ನು ಮೆಟಲ್ ಸಂಗೀತಕ್ಕೆ, ಗಾಸ್ಪೆಲ್‌ಗೆ ಅಂತ ಹೇಳುತ್ತಾರೆ. ನಮ್ಮ ಸುಗಮ ಸಂಗೀತಕ್ಕೆ ಅದು ಅವರಿಗಿಂತ ಜಾಸ್ತಿ ಬೇಕು.

ಆದರೆ ಐದನೇ ತಂತಿ ಇದ್ದ ಮಾತ್ರಕ್ಕೆ ಸಾ ಕೇಳುವುದಿಲ್ಲ. ಜಾತ್ರೆಯ ವೇದಿಕೆಯಲ್ಲಿ ಸಾಮಾನ್ಯವಾಗಿ ಸಿಗುವ 15 ಇಂಚಿನ ಸ್ಪೀಕರ್‌ಗಳು 50 ಹರ್ಟ್ಸ್‌ನ ಕೆಳಗೆ ಸೋತುಬಿಡುತ್ತವೆ. 35 ಹರ್ಟ್ಸ್‌ನ ಮೂಲ ಸ್ವರ ಅಲ್ಲಿ ಬಹುಪಾಲು ಹೊರಗೇ ಬರುವುದಿಲ್ಲ. ಬರುವುದು ಅದರ ಮೇಲಿನ ಅಂಶಸ್ವರಗಳು, 70, 105, ಹೀಗೆ. ನಮ್ಮ ಕಿವಿ ಅವನ್ನು ಕೇಳಿಸಿಕೊಂಡು ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ತಂತಿ ಸಡಿಲವಾಗಿದ್ದು ಅಂಶಸ್ವರಗಳು ಕೆಸರಾಗಿದ್ದರೆ ತುಂಬಿಕೊಳ್ಳಲು ಏನೂ ಉಳಿಯುವುದಿಲ್ಲ. ಕಡಿಮೆ ಬೆಲೆಯ ಎಷ್ಟೋ ಐದು ತಂತಿಯ ಬೇಸ್‌ಗಳ ಬಿ ತಂತಿ ಒದ್ದೆ ಹಗ್ಗ ಎಳೆದಂತೆ ಕೇಳುವುದು ಇದಕ್ಕೇ. ಜಾಸ್ತಿ ದುಡ್ಡು ಕೊಡುವುದಿದ್ದರೆ ಇದಕ್ಕಾಗಿ ಕೊಡಬೇಕು.

ಪರೀಕ್ಷೆ ಮಾಡುವ ದಾರಿ ಸುಲಭ. ಇ ತಂತಿಯನ್ನು ಖಾಲಿ ಬಿಟ್ಟು ನುಡಿಸಿ. ಆಮೇಲೆ ಬಿ ತಂತಿಯ ಐದನೇ ಫ್ರೆಟ್ ಒತ್ತಿ ನುಡಿಸಿ. ಎರಡೂ ಒಂದೇ ಸ್ವರ. ಕಣ್ಣು ಮುಚ್ಚಿಕೊಂಡು ಬದಲಿಸಿ ಬದಲಿಸಿ ಕೇಳಿ. ಬಿ ತಂತಿಯ ಇ ಸ್ವಲ್ಪ ದಪ್ಪಗೆ ಇರುತ್ತದೆ, ಅದು ಸಹಜ. ಆದರೆ ಅದರ ಮೊದಲ ಪೆಟ್ಟು ಮಸುಕಾಗಿದ್ದರೆ, ಸ್ವರ ಎದ್ದು ನಿಲ್ಲಲು ತಡ ಮಾಡಿದರೆ, ಆ ಬೇಸ್ ಬೇಡ. ಇನ್ನೂ ಕಠಿಣ ಪರೀಕ್ಷೆ ಬೇಕೆಂದರೆ ಖಾಲಿ ಎ ತಂತಿ, ಇ ತಂತಿಯ ಐದನೇ ಫ್ರೆಟ್, ಬಿ ತಂತಿಯ ಹತ್ತನೇ ಫ್ರೆಟ್, ಈ ಮೂರನ್ನೂ ಹೋಲಿಸಿ ನೋಡಿ. ಆಂಪ್‌ನ ಬೇಸ್ ಗುಂಡಿ ಏರಿಸಿರುತ್ತಾರೆ, ಅದನ್ನು ಮಧ್ಯಕ್ಕೆ ತಂದುಕೊಳ್ಳುವುದು ಮರೆಯಬೇಡಿ. ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ. ದುಡ್ಡು ನಿಮ್ಮದು, ಅಲ್ವಾ?

ಈ ಬೆಲೆಯ ಬೇಸ್‌ಗಳನ್ನು ಹುಬ್ಬಳ್ಳಿಯಲ್ಲಿ ಕೈಯಲ್ಲಿ ಹಿಡಿದು ನೋಡುವ ಅವಕಾಶ ನನಗೆ ಸಿಗಲಿಲ್ಲ. ಬೆಂಗಳೂರಿಗೆ ಹೋಗಬೇಕಾಯಿತು. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಆದ ಅನುಭವ ನನಗೆ ಇನ್ನೂ ಬೇಸರ. ಗೋಡೆಗೆ ತೂಗುಹಾಕಿದ್ದ ಲಕ್ಷಗಟ್ಟಲೆಯ ಬೇಸ್‌ಗೆ ತುಕ್ಕು ಹಿಡಿದ ತಂತಿ. ನೆಕ್ ಬಾಗಿ ತಂತಿ ಎಷ್ಟು ಮೇಲೆದ್ದಿತ್ತೆಂದರೆ ಹನ್ನೆರಡನೇ ಫ್ರೆಟ್ ಒತ್ತಲು ಹೆಬ್ಬೆರಳು ನೋಯಿತು. ಸೆಟಪ್ ಮಾಡಿ ತೋರಿಸಿ ಅಂದರೆ 'ಬುಕ್ ಮಾಡಿ, ಆಮೇಲೆ ಮಾಡ್ತೀವಿ' ಅಂದರು. ಇಷ್ಟು ದೂರದಿಂದ ಬಂದವರು ಏನು ನೋಡಿ ಬುಕ್ ಮಾಡಬೇಕು? ಇನ್ನೊಂದು ಅಂಗಡಿಯ ಹುಡುಗ ತಾನೇ ಅಲನ್ ಕೀ ತಂದು, ಹೊಸ ತಂತಿ ಹಾಕಿ, ಮಧ್ಯಾಹ್ನವೆಲ್ಲ ಕೂಡಲು ಬಿಟ್ಟ. ನಾನು ಕೊಂಡದ್ದು ಅಲ್ಲಿಯೇ.

ನನ್ನ ಹಳೆಯ ಬೇಸ್ ಸೈರ್ ವಿ7, ಐದು ತಂತಿ. ಅದನ್ನು ಕೀಳಾಗಿ ಮಾತಾಡಲಾರೆ. ಮಾರ್ಕಸ್ ಮಿಲ್ಲರ್ ಹೆಸರಿನ ಆ ಸರಣಿ ಬಂದ ಮೇಲೆ ಕಡಿಮೆ ಸಂಬಳದವರ ಕೈಗೂ ಒಳ್ಳೆಯ ಬೇಸ್ ಸಿಗುವಂತಾಯಿತು. ಬಿ ತಂತಿಯ ವಿಷಯ ಬಿಟ್ಟರೆ ಅದರಲ್ಲಿ ನನಗೆ ದೂರು ಇರಲಿಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡೇ ಅಂಗಡಿಗೆ ಹೋಗಿದ್ದೆ, ಎದುರಿಗಿಟ್ಟು ಹೋಲಿಸಲು. ಇದು ತುಂಬ ಉಪಯೋಗಕ್ಕೆ ಬಂತು. ಅಂಗಡಿಯ ಆಂಪ್, ಅಂಗಡಿಯ ಕೋಣೆ ಎಲ್ಲ ಹೊಸದು, ಕಿವಿಗೆ ಪರಿಚಯದ್ದು ಒಂದಾದರೂ ಇರಬೇಕು.

ಮೊದಲು ಫೆಂಡರ್. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದರು, 1960ರಲ್ಲಿ ಜಾಝ್ ಬೇಸ್. ಇವತ್ತಿನ ಬೇಸ್‌ಗಳಲ್ಲಿ ಬಹುಪಾಲು ಇವೆರಡರ ಮಕ್ಕಳು, ಮೊಮ್ಮಕ್ಕಳು. ಅಮೆರಿಕನ್ ಪ್ರೊಫೆಷನಲ್ 2 ಸರಣಿಯ ಐದು ತಂತಿಯ ಜಾಝ್ ಬೇಸ್ ಕೈಗೆತ್ತಿಕೊಂಡ ಕೂಡಲೇ ಇಷ್ಟವಾಯಿತು. ಮಾತಾಡುವಂಥ ನಾದ. ರೆಕಾರ್ಡಿಂಗ್ ಕೋಣೆಯಲ್ಲಿ ಕೂತು ನುಡಿಸುವುದೇ ನನ್ನ ಕೆಲಸ ಆಗಿದ್ದರೆ ಅದನ್ನೇ ತರುತ್ತಿದ್ದೆ. ಆದರೆ ಅದರ ಎರಡೂ ಪಿಕಪ್ (ತಂತಿಯ ಕಂಪನವನ್ನು ಕರೆಂಟಾಗಿಸುವ ಅಯಸ್ಕಾಂತದ ಸುರುಳಿ) ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯವು. ಎರಡರ ವಾಲ್ಯೂಮ್ ಸಮ ಇದ್ದರೆ ಒಂದರ ಗೊರಕೆ ಇನ್ನೊಂದು ಅಳಿಸುತ್ತದೆ. ಒಂದನ್ನು ಇಳಿಸಿದರೆ ಕರೆಂಟಿನ ಹಮ್ ಶುರು. ಚೌತಿಯ ಪೆಂಡಾಲಿನಲ್ಲಿ ಲೈಟಿನ ಡಿಮ್ಮರ್, ಸೀರಿಯಲ್ ಸೆಟ್, ಜನರೇಟರ್ ಎಲ್ಲ ಒಟ್ಟಿಗೇ ಇರುತ್ತವೆ. ಹಮ್ ಹೇಗಿರುತ್ತದೆ ಅಂತ ನುಡಿಸಿದವರಿಗೆ ಗೊತ್ತು. ನಮ್ಮ ಕರೆಂಟು 50 ಹರ್ಟ್ಸ್. ಬಿಳಿ ಐದರ ಕೆಳಗಿನ ಸಾ, ಅಂದರೆ ಜಿ, 49 ಹರ್ಟ್ಸ್. ಗಾಯಕಿ ಬಿಳಿ ಐದರಲ್ಲಿ ಹಾಡುವಾಗ ಸಾಗೆ ಅಂಟಿಕೊಂಡು ಒಂದು ಕೂದಲು ಏರು ಶ್ರುತಿಯಲ್ಲಿ ಹಮ್ ಕೂತಿದ್ದರೆ ಸಹಿಸಲಾಗದು. ಧಾರವಾಡದ ಸಭೆಯಲ್ಲಂತೂ ಮುಂದಿನ ಸಾಲಿನ ಹಿರಿಯರು ಕತ್ತೆತ್ತಿ ನೋಡಿಯೇ ನೋಡುತ್ತಾರೆ. ಮನ್ಸೂರರನ್ನು, ಗಂಗೂಬಾಯಿಯವರನ್ನು ಕೇಳಿ ಬೆಳೆದ ಕಿವಿಗಳು ಅವು.

ಡಿಂಗ್‌ವಾಲ್ ಕೆನಡಾದ ಕಂಪನಿ. ಬಿ ತಂತಿಯ ಮಟ್ಟಿಗೆ ನಾನು ನುಡಿಸಿದವುಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಮುಚ್ಚಿಡುವುದೇಕೆ? ಅದರ ಫ್ರೆಟ್‌ಗಳು ಬೀಸಣಿಗೆಯಂತೆ ಓರೆ. ಜಿ ತಂತಿಯ ಉದ್ದ 34 ಇಂಚು, ಬಿ ತಂತಿಯದು 37. ತಂತಿ ಅದೇ, ಸ್ವರ ಅದೇ, ಉದ್ದ ಮಾತ್ರ 34ರಿಂದ 37 ಆದರೆ ಬಿಗಿ ಸುಮಾರು ಶೇಕಡಾ 18 ಏರುತ್ತದೆ. ಆ ಬಿಗಿಯೇ ಸ್ವರಕ್ಕೆ ಸ್ಪಷ್ಟತೆ ಕೊಡುವುದು. ಕೆಳಗಿನ ಸಾ ಗಂಟೆ ಹೊಡೆದ ಹಾಗೆ ಬಂತು. ಆದರೆ ನನಗೆ ಬೇಕಾದ್ದು ಬಿ ತಂತಿಯ ಮೊದಲ ನಾಲ್ಕು ಫ್ರೆಟ್. ಅವೇ ಅಲ್ಲಿ ಅಗಲ ಅಗಲ. ದಾದ್ರಾ ತಾಳದ ನಿಧಾನ ಹಾಡಿಗೆ ತೊಂದರೆ ಇಲ್ಲ. ಕೆಹರ್ವಾ ದುಪ್ಪಟ್ಟಿಗೆ ಹೋದಾಗ ನನ್ನ ಕಿರುಬೆರಳು ತಲುಪಲಿಲ್ಲ. ಕೈ ಉದ್ದ ಇರುವವರು ಖಂಡಿತ ನೋಡಿ.

ವಾರ್ವಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜರ್ಮನಿಯ ಕೆಲಸ, ಅಚ್ಚುಕಟ್ಟು, ಗುಡುಗಿನಂಥ ಮಿಡ್, ಅಂದರೆ ನಡುದನಿ. ಭುಜದ ಮೇಲೆ ಭಾರವಾಯಿತು, ಕೆಳಗಿಟ್ಟೆ. ಫೊಡೆರಾದಂಥವು ನನ್ನ ಆಸೆಗೂ ಮೀರಿದವು. ಬ್ರೂಕ್ಲಿನ್‌ನಲ್ಲಿ 1983ರಿಂದ ಕೈಯಲ್ಲಿ ಮಾಡುತ್ತಾರೆ, ಒಂದರ ಬೆಲೆಯಲ್ಲಿ ಇಲ್ಲಿ ಒಂದು ಒಳ್ಳೆಯ ಕಾರೇ ಬರುತ್ತದೆ.

ಇನ್ನು ನಾನು ತಂದದ್ದು. ಸ್ಟಿಂಗ್‌ರೇ ಕೂಡ ಲಿಯೋ ಫೆಂಡರ್ ಕೈಯಿಂದಲೇ ಬಂದದ್ದು. ತಮ್ಮ ಮೊದಲ ಕಂಪನಿ ಮಾರಿದ ಮೇಲೆ ಮ್ಯೂಸಿಕ್ ಮ್ಯಾನ್‌ನಲ್ಲಿದ್ದಾಗ, 1976ರಲ್ಲಿ. ಬೇಸ್‌ನ ಹೊಟ್ಟೆಯೊಳಗೇ ಬ್ಯಾಟರಿಯ ಪ್ರೀಆಂಪ್ (ದನಿಗೆ ಬಲ ಕೊಡುವ ಸರ್ಕೀಟು) ಇಟ್ಟು ದೊಡ್ಡ ಪ್ರಮಾಣದಲ್ಲಿ ಮಾರಿ ಹೆಸರು ಮಾಡಿದ ಬೇಸ್ ಇದು. 1984ರಲ್ಲಿ ಕಂಪನಿ ಅರ್ನಿ ಬಾಲ್ ಕೈಗೆ ಬಂತು. 1987ರಲ್ಲಿ ಐದು ತಂತಿಯದು ಬಂತು. ಸ್ಪೆಷಲ್ ಅನ್ನುವುದು 2018ರ ಆವೃತ್ತಿ. ಪ್ರೀಆಂಪ್ 18 ವೋಲ್ಟಿನದಾಯಿತು, ಪಿಕಪ್‌ನಲ್ಲಿ ನಿಯೋಡಿಮಿಯಮ್ ಅಯಸ್ಕಾಂತ ಬಂತು, ತಂತಿ ಕೂರುವ ಬ್ರಿಡ್ಜು, ತಂತಿ ಬಿಗಿಸುವ ಕಿವಿಗಳು ಹಗುರವಾದವು, ನೆಕ್‌ಗೆ ಹುರಿದ ಮೇಪಲ್ ಮರ ಬಂತು.

ಪಿಕಪ್ ಒಂದೇ. ಅದು ಹಂಬಕರ್, ಅಂದರೆ ಎರಡು ಸುರುಳಿ ಇದ್ದು ಒಂದರ ಹಮ್ ಇನ್ನೊಂದು ಅಳಿಸುವಂಥದ್ದು, ಅದಕ್ಕೇ ಹಮ್ ಇಲ್ಲ. ಹುಬ್ಬಳ್ಳಿಯ ಪೆಂಡಾಲಿನಲ್ಲಿ ಮೊದಲ ಸಲ ಕೇಬಲ್ ಸಿಗಿಸಿದಾಗ ಸ್ಪೀಕರ್ ಸುಮ್ನೆ ಇತ್ತು. ಸೌಂಡ್‌ನ ಹುಡುಗ 'ಸರ, ಲೈನ್ ಬಂದಿಲ್ರಿ' ಅಂದ. ಒಂದು ಸ್ವರ ನುಡಿಸಿದೆ, ನಕ್ಕ. ನಮ್ಮ ವೇದಿಕೆಗಳಲ್ಲಿ ಬೇಸ್ ಆಂಪ್ ಇರುವುದು ಕಡಿಮೆ. ಉದ್ದನೆಯ ಕೇಬಲ್ ನೇರ ಮಿಕ್ಸರ್‌ಗೆ ಹೋಗುತ್ತದೆ. ಪ್ಯಾಸಿವ್, ಅಂದರೆ ಬ್ಯಾಟರಿ ಇಲ್ಲದ ಬೇಸ್ ಆದರೆ ಅಷ್ಟು ಉದ್ದದ ಕೇಬಲ್‌ನಲ್ಲಿ ಮೇಲಿನ ಹೊಳಪು ಸೋರಿಹೋಗುತ್ತದೆ. ಇದರ ಪ್ರೀಆಂಪ್ ಅದನ್ನು ತಡೆಯುತ್ತದೆ.

ಬಿ ತಂತಿಯ ಕಥೆ: ಉದ್ದ 34 ಇಂಚೇ. ಆದರೂ ಐದನೇ ಫ್ರೆಟ್ಟಿನ ಇ ಮತ್ತು ಖಾಲಿ ಇ ಬದಲಿಸಿ ಕೇಳಿದಾಗ ಮೊದಲ ಪೆಟ್ಟು ಎರಡರಲ್ಲೂ ಒಂದೇ ಹರಿತ. ನೆಕ್ ಐದು ಬೋಲ್ಟಿನಿಂದ ಬಿಗಿಯಾಗಿ ಕೂತಿದೆ, ಪಿಕಪ್ ಇರುವ ಜಾಗದಲ್ಲಿ ಅಂಶಸ್ವರಗಳು ಜೋರು. ಕರಿ ಒಂದರ ಸಾ ಎಳೆದರೆ ದಾದ್ರಾದ ಮೂರು ಮಾತ್ರೆ ಆರಾಮವಾಗಿ ನಿಲ್ಲುತ್ತದೆ. ದನಿ ತಿದ್ದುವ ಮೂರು ಗುಂಡಿಗಳಲ್ಲಿ ನಾನು ಬೇಸ್ (ಕೆಳದನಿ) ಒಂದು ಚೂರು ಇಳಿಸಿ, ಮಿಡ್ ಒಂದು ಚೂರು ಏರಿಸಿ ಇಡುತ್ತೇನೆ. ಬೇಸ್ ನುಡಿಸುವವರು ಬೇಸ್ ಇಳಿಸುವುದಾ ಅಂತ ಕೇಳಬೇಡಿ. ಕೆಳಗಿನದನ್ನು ಸ್ಪೀಕರ್ ಹೇಗೂ ತಿನ್ನುತ್ತದೆ, ಡಗ್ಗಾಗೂ ಉಸಿರಾಡಲು ಜಾಗ ಬೇಕು.

ಒಂದೊಂದು ಫ್ರೆಟ್ ಕೂಡ ಬಿಡದೆ ನುಡಿಸಿ ನೋಡಿ. ಬೋಲ್ಟ್ ನೆಕ್‌ನ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಆಸುಪಾಸಿನಲ್ಲಿ ಒಂದು ಸ್ವರ ಬೇಗ ಸಾಯುವುದುಂಟು. ನೆಕ್ ತಾನೇ ಆ ಕಂಪನವನ್ನು ನುಂಗುತ್ತದೆ. ನನ್ನದರಲ್ಲಿ ಆರನೇ ಫ್ರೆಟ್ ಸ್ವಲ್ಪ ಮೆತ್ತಗೆ. ಹಾಡಿನ ಮಧ್ಯೆ ಗೊತ್ತಾಗುವುದಿಲ್ಲ, ಒಂಟಿಯಾಗಿ ಎಳೆದರೆ ಗೊತ್ತಾಗುತ್ತದೆ. ಒಂದೇ ಮಾಡೆಲ್‌ನ ಎರಡು ಪೀಸ್ ಸಿಕ್ಕರೆ ಎರಡನ್ನೂ ಹೀಗೆ ನೋಡಿ ಆರಿಸಿ.

ಧಾರವಾಡದ ಮಳೆಗಾಲ ಮರದ ವಾದ್ಯಕ್ಕೆ ಕಠಿಣ. ಜೂನ್‌ನಿಂದ ಗೋಡೆ, ಬಟ್ಟೆ, ಪುಸ್ತಕ ಎಲ್ಲ ತೇವ. ಮಾರ್ಚಿನಲ್ಲಿ ಗದಗಿಗೆ ಹೋದರೆ ತುಟಿ ಒಡೆಯುತ್ತದೆ. ಮರವನ್ನು ಹುರಿಯುವುದು ಅಂದರೆ ಆಮ್ಲಜನಕ ಕಡಿಮೆ ಇರುವ ಭಟ್ಟಿಯಲ್ಲಿ ಕಾಯಿಸಿ ತೇವ, ರಾಳ ಹೊರಹಾಕುವುದು. ಆಮೇಲೆ ಅದು ಗಾಳಿಯ ತೇವಕ್ಕೆ ಅಷ್ಟು ಬೇಗ ಬಾಗುವುದಿಲ್ಲ. ನನ್ನ ನೆಕ್ ಆಗಸ್ಟಿನಲ್ಲಿ ಕೂದಲೆಳೆಯಷ್ಟು ಬಾಗಿತು. ಸರಿ ಮಾಡಿದ್ದು ಹೀಗೆ. ನೆಕ್ ದೇಹಕ್ಕೆ ಸೇರುವ ಕಡೆ, ಕೊನೆಯ ಫ್ರೆಟ್ಟಿನ ಕೆಳಗೆ, ಸುತ್ತಲೂ ತೂತುಗಳಿರುವ ಒಂದು ಸಣ್ಣ ಚಕ್ರ ಕಾಣುತ್ತದೆ. ನೆಕ್ ಒಳಗೆ ಅದನ್ನು ನೇರ ಹಿಡಿಯುವ ಟ್ರಸ್ ರಾಡ್ ಅನ್ನುವ ಸಲಾಕೆಯ ತುದಿ ಅದು. ತೆಳು ಅಲನ್ ಕೀಯನ್ನು ತೂತಿಗೆ ತೂರಿಸಿ ಒಂದು ಚೂರು ತಿರುಗಿಸಿದೆ. ಮೊದಲ ಫ್ರೆಟ್, ಕೊನೆಯ ಫ್ರೆಟ್ ಎರಡೂ ಒತ್ತಿ ಹಿಡಿದು ಎಂಟನೇ ಫ್ರೆಟ್ ಮತ್ತು ತಂತಿಯ ನಡುವಿನ ಸಂದು ನೋಡಿದೆ. ವಿಸಿಟಿಂಗ್ ಕಾರ್ಡ್ ಒಂದು ತೂರುವಷ್ಟಿದ್ದರೆ ಸಾಕು. ತಂತಿ ಬಿಚ್ಚುವುದಿಲ್ಲ, ನೆಕ್ ಕಳಚುವುದಿಲ್ಲ. ರಿಪೇರಿಗೆ ಬೆಂಗಳೂರಿಗೆ ಓಡಬೇಕಾದ ನಮ್ಮಂಥವರಿಗೆ ಈ ಚಕ್ರ ದೊಡ್ಡ ಉಪಕಾರ. ನೆಕ್‌ನ ಹಿಂಭಾಗಕ್ಕೆ ಎಣ್ಣೆ, ಮೇಣದ ಲೇಪ ಮಾತ್ರ. ಬೆವರು ಅಂಟುವುದಿಲ್ಲ, ಆದರೆ ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಲೇಬೇಕು.

ಬೆರಳು ಓಡಾಡುವ ಪಟ್ಟಿ ರೋಸ್‌ವುಡ್. ನಮ್ಮ ದಾಂಡೇಲಿ ಕಾಡಿನ ಬೀಟೆ ಅದೇ ಕುಲದ ಮರ. ಭಾರತದ ಬೀಟೆ ಜಗತ್ತಿನ ಎಷ್ಟೋ ಗಿಟಾರ್‌ಗಳ ಮೇಲೆ ಕೂತಿದೆ ಅನ್ನುವುದು ನನಗೆ ಖುಷಿ ಕೊಡುವ ಸಂಗತಿ.

ಕೊರತೆಗಳೂ ಇವೆ. ದೊಡ್ಡದು ಬ್ಯಾಟರಿ. 9 ವೋಲ್ಟಿನವು ಎರಡು ಬೇಕು. ಅವು ಸತ್ತರೆ ಬೇಸ್ ಪೂರ್ತಿ ಮೂಕ. ಸೈರ್‌ನಲ್ಲಿದ್ದ ಪ್ಯಾಸಿವ್ ಸ್ವಿಚ್ ಇದರಲ್ಲಿಲ್ಲ. ಇಷ್ಟು ಬೆಲೆಗೆ ಅದೊಂದು ಸ್ವಿಚ್ ಕೊಡಬೇಕಿತ್ತು ಅಂತ ನನ್ನ ಗಟ್ಟಿ ಅಭಿಪ್ರಾಯ. ಕೇಬಲ್ ಸಿಗಿಸಿದಷ್ಟು ಹೊತ್ತು ಬ್ಯಾಟರಿ ಖರ್ಚಾಗುತ್ತಿರುತ್ತದೆ. ಆದ್ದರಿಂದ ಚಹಾಕ್ಕೆ ಎದ್ದರೂ ಕೇಬಲ್ ತೆಗೆಯಿರಿ. ಬ್ಯಾಟರಿ ಮುಗಿಯುವ ಮುಂಚೆ ಜೋರಾದ ಸ್ವರಗಳು ಒಡೆದು ಕೇಳಲು ಶುರುವಾಗುತ್ತವೆ. ಆಗಲೇ ಬದಲಿಸಿ. ನರೇಗಲ್ ಕಡೆ ರಾತ್ರಿ ಹನ್ನೊಂದಕ್ಕೆ 9 ವೋಲ್ಟಿನ ಬ್ಯಾಟರಿ ಯಾರು ಕೊಡುತ್ತಾರೆ? ಜೋಳಿಗೆಯಲ್ಲಿ ಒಂದು ಜೊತೆ ಇರಲೇಬೇಕು.

ಇನ್ನೊಂದು, ಇದರ ದನಿ ಒಂದೇ ಬಗೆ. ಹೊಳಪು, ಗಡಸು, ಎದುರಿಗೆ ಬಂದು ನಿಲ್ಲುವ ದನಿ. ಎಪ್ಪತ್ತರ ದಶಕದ ಸಿನಿಮಾ ಹಾಡುಗಳ ದುಂಡನೆಯ, ಮೆತ್ತನೆಯ ಬೇಸ್ ಬೇಕೆಂದರೆ ಟ್ರೆಬಲ್ ಪೂರ್ತಿ ಇಳಿಸಿ, ಅಂಗೈ ಬ್ರಿಡ್ಜಿನ ಮೇಲಿಟ್ಟು ಹೆಬ್ಬೆರಳಿನಲ್ಲಿ ನುಡಿಸಬೇಕು. ಹತ್ತಿರ ಬರುತ್ತದೆ, ಅದೇ ಆಗುವುದಿಲ್ಲ. ಆ ದನಿಗೆ ಪ್ರಿಸಿಷನ್ ಬೇಸೇ ಬೇಕು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್‌ಗೆ ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ ಹಾಕಿ, ನಾಲ್ಕೇ ತಂತಿಯಲ್ಲಿ ಮಾಡಿದ್ದನ್ನು ಕೇಳಿದರೆ ಐದನೆಯದು ಯಾಕೆ ಅನ್ನಿಸುತ್ತದೆ. ಬ್ರಿಡ್ಜಿನ ಹತ್ತಿರ ತಂತಿ ತಂತಿಗಳ ನಡುವೆ 17.5 ಮಿಲಿಮೀಟರ್. ನಾಲ್ಕು ತಂತಿಯ ಫೆಂಡರ್‌ನಲ್ಲಿ 19. ದಪ್ಪ ಬೆರಳಿನವರಿಗೆ ಸ್ಲ್ಯಾಪ್ ಹೊಡೆಯಲು (ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸಲು) ಇಕ್ಕಟ್ಟು. ನಾನು ಸ್ಲ್ಯಾಪ್ ಹೊಡೆಯುವುದು ಚೌತಿಯಲ್ಲಿ ಮಾತ್ರ, ಹೊಂದಿಕೊಂಡೆ.

ತೂಕ ನಾಲ್ಕು ಕಿಲೋ ಆಸುಪಾಸು. ನಡುರಾತ್ರಿ ದಾಟುವ ಆರ್ಕೆಸ್ಟ್ರಾದಲ್ಲಿ ನಿಂತು ನುಡಿಸುವವರಿಗೆ ಇದರ ಬೆಲೆ ಗೊತ್ತು. ತಲೆಭಾಗ ಕೆಳಗೆ ಜಗ್ಗುವುದಿಲ್ಲ. ಅಗಲವಾದ ಬೆಲ್ಟ್ ಹಾಕಿ.

ಬೆಲೆ ಎರಡೂವರೆ ಲಕ್ಷದ ಮೇಲೆ ಹೋಯಿತು. ಕೇಳಿದವರು 'ಏನ್ರೀ, ಇದಕ್ಕ ಇಷ್ಟ?' ಅನ್ನುತ್ತಾರೆ. ಎಲ್ಲರೂ ಇಷ್ಟು ಕೊಡಬೇಕಾಗಿಲ್ಲ. ನೀವು ನುಡಿಸುವ ಹಾಡುಗಳು ಇ, ಜಿ, ಎ ಶ್ರುತಿಯಲ್ಲೇ ಇದ್ದರೆ ನಾಲ್ಕು ತಂತಿಯ ಒಳ್ಳೆಯ ಬೇಸ್ ಸಾಕು, ಉಳಿದ ದುಡ್ಡಿಗೆ ಆಂಪ್ ತಗೊಳ್ಳಿ. ಸ್ಟುಡಿಯೋದವರಾದರೆ ಜಾಝ್ ಬೇಸ್. ದಿನವೂ ಬೇರೆ ಗಾಯಕರ ಜೊತೆ, ಬೇರೆ ಶ್ರುತಿಯಲ್ಲಿ, ಸಿಕ್ಕ ಸ್ಪೀಕರ್‌ನಲ್ಲಿ ನುಡಿಸುವವರಿಗೆ ನಾನು ಧೈರ್ಯವಾಗಿ ಹೇಳುವುದು ಇದನ್ನೇ.

ತಂತಿಯ ಬಗ್ಗೆ ಒಂದು ಮಾತು. ಐದು ತಂತಿಯ ಒಳ್ಳೆಯ ಸೆಟ್ ಊರಲ್ಲಿ ಬೇಕಾದಾಗ ಸಿಕ್ಕಿಲ್ಲ, ಆನ್‌ಲೈನ್‌ನಲ್ಲಿ ಎರಡೆರಡು ಸೆಟ್ ತರಿಸಿ ಇಡುತ್ತೇನೆ. ತರಿಸುವಾಗ ಬಿ ತಂತಿ 130 ಗೇಜ್ (ದಪ್ಪದ ಅಳತೆ) ಇದೆಯಾ ನೋಡಿ. 125ರದ್ದು ಹಾಕಿ ನೋಡಿದ್ದೇನೆ, ಕರಿ ಒಂದರ ಸಾ ಮತ್ತೆ ಸಡಿಲವಾಯಿತು. ಹೊಸ ಬಿ ತಂತಿಯನ್ನು ಕತ್ತರಿಸುವ ಮುಂಚೆ ಕಿವಿಯ ಕಡೆ ಚೂಪಾಗಿ ಮಡಿಸಿ, ಆಮೇಲೆ ಕತ್ತರಿಸಿ. ಇಲ್ಲದಿದ್ದರೆ ಮೇಲಿನ ಸುತ್ತು ಒಳಗೇ ಜಾರಿ ತಂತಿ ಸತ್ತಂತೆ ಕೇಳುತ್ತದೆ.